ಕಾಗುಣಿತವಿಲ್ಲದ ಕಲ್ಲು

ಕಾಲಾಘೋಡಾದ ಮ್ಯೂಸಿಯಮ್ಮಿನ ಮೇಲಿನ ಮಹಡಿ,
ಪಂಖದ ಗಾಳಿ ತಲುಪದ ಮೂಲೆ.
ಏಡನ್ನಿನಿಂದ ಹಡಗು ಹತ್ತಿ ಬಂದ ಎಂಟು ಕಲ್ಲು.
ಸೋಮವಾರ ಅವುಗಳ ಗಾಜು ಒರೆಸುವುದು ನನ್ನ ಪಾಳಿ.

ಕಂಬ, ಏಣಿ, ಕೊಕ್ಕೆ, ಕವಣೆ,
ಬಾಗಿಲಿಲ್ಲದ ಚೌಕಟ್ಟು, ನಡುವೆಲ್ಲೋ ಒಂದು ಸೊನ್ನೆ.
ಅಕ್ಷರವಂತೆ ಇವು.
ಮೊದಲ ವರ್ಷವೆಲ್ಲ ನಾನು ಕಿಟಕಿಯ ಜಾಲಿ ಅಂದುಕೊಂಡಿದ್ದೆ.

ಪರಕಾರ್ ಸರ್ ಹೇಳಿದರು, ಚಹದ ಲೋಟ ಹಿಡಿದುಕೊಂಡೇ:
ಸಬಾ ಅಂತೊಂದು ಸೀಮೆ, ಯೆಮನ್ನಿನ ಬೆಟ್ಟದಾಚೆ.
ಧೂಪದ ಅಂಟು ಮಾರಿ ಬದುಕಿದವರು.
ಹಳೆಯ ಕಲ್ಲುಗಳಲ್ಲಿ ಒಂದು ಸಾಲು ಬಲದಿಂದ ಎಡಕ್ಕೆ,
ಮುಂದಿನದು ಎಡದಿಂದ ಬಲಕ್ಕೆ,
ನೇಗಿಲ ಎತ್ತು ಬದುವಿನಲ್ಲಿ ತಿರುಗಿದ ಹಾಗೆ.
ವ್ಯಂಜನ ಮಾತ್ರ ಬರೆದರು, ಸ್ವರ ಬರೆಯಲಿಲ್ಲ.

"ಅಂದರೆ ಕಾಗುಣಿತ ಇಲ್ಲ?"
ನಕ್ಕರು. ಅವರಿಗೆ ಕಾಗುಣಿತ ಗೊತ್ತಿಲ್ಲ.

ನನಗೆ ಗೊತ್ತು. ವಡಾಳದ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ
ನಾಲ್ಕನೇ ಇಯತ್ತೆಯವರೆಗೆ
ಕ ಕಾ ಕಿ ಕೀ ಕೂಗಿದೆವು ಹನ್ನೊಂದು ಮಂದಿ.
ಆಮೇಲೆ ಏಳು. ಆಮೇಲೆ ಬೀಗ.

ಆ ಸಂಜೆ ಲೋಕಲ್ಲಿನ ಬಾಗಿಲಲ್ಲಿ ನಿಂತು
ನನ್ನ ಹೆಸರಿನ ಕೊಂಬು ಕಿತ್ತೆ, ಗುಡಿಸು ಕಿತ್ತೆ,
ಏತ್ವ ಇಳಿಸಿದೆ, ಒತ್ತು ಬಿಡಿಸಿದೆ.
ಹುಲಿಗೆವ್ವ ಹೋಗಿ ಹ ಲ ಗ ವ ಉಳಿಯಿತು.
ಹುಲಿಯೋ ಹಲಗೆಯೋ ಹೊಲಿಗೆಯೋ
ಓದುವವರ ಬಾಯಿಗೆ ಬಿಟ್ಟದ್ದು.
ಕುರ್ಲಾ ಬರುವವರೆಗೆ ನಾನು ಯಾರೂ ಆಗಿರಲಿಲ್ಲ.
ಸುಖವಾಗಿತ್ತು.

ಅವ್ವ ನಲವತ್ತು ವರ್ಷ ಟಾಕಿ ಹೊಡೆದವಳು.
ಪರೇಲು, ಲಾಲ್‌ಬಾಗು, ಶಿವಡಿಯ ಚಾಳು ಚಾಳಿನಲ್ಲಿ
"ಟಾಕೀ...ಯೇ" ಎಂದು ಕೂಗಿ
ಸವೆದ ಬೀಸುಕಲ್ಲಿಗೆ, ಮಸಾಲೆ ಅರೆಯುವ ಪಾಟಾಕ್ಕೆ
ಹಲ್ಲು ಬರಿಸಿದವಳು.
ಮನೆಮನೆಗೆ ಮಿಕ್ಸರ್ ಬಂತು.
ಉಳಿ ಇನ್ನೂ ಹಾಸಿಗೆಯ ಕೆಳಗಿದೆ, ಗೋಣಿಯಲ್ಲಿ ಸುತ್ತಿ.

ಮಳೆ ಬಿಟ್ಟ ಒಂದು ಬುಧವಾರ ಕರೆದುಕೊಂಡು ಹೋದೆ.
"ಇವು ಸಬಾದವು" ಅಂದೆ.
"ಯಾರವು? ನನ್ನವಾ?" ಅಂದಳು ಸಾಬವ್ವ.

ಕಾರ್ಡು ನೋಡಿ ಹೇಳಿದೆ: ಇಂಥವನ ಮಗ ಇಂಥವನು
ತನ್ನ ಮಕ್ಕಳನ್ನು, ಒಂಟೆಯನ್ನು, ಹೊಲವನ್ನು ಕಾಯೆಂದು
ದೇವರಿಗೆ ಕಂಚಿನ ಮೂರ್ತಿ ಒಪ್ಪಿಸಿದನು.
ಮುಂದೆ ಕಲ್ಲು ಒಡೆದಿದೆ. ಕಾರ್ಡಿನಲ್ಲಿ ಮೂರು ಚುಕ್ಕೆ.

ಅವ್ವನ ಕಿವಿ ಇತ್ತ ಇರಲಿಲ್ಲ. ನಾನು ಒರೆಸಿದ ಗಾಜಿಗೆ
ಹಣೆ ಹಚ್ಚಿ ನಿಂತಿದ್ದಳು.
"ಎಡಗೈಯಾಂವ. ಪೆಟ್ಟು ಹ್ಯಾಂಗ ವಾಲ್ಯಾವ ನೋಡು.
ಇಲ್ಲಿತನಾ ಹೊಸಾ ಉಳಿ.
ಇಲ್ಲಿ ಮೊಂಡಾಗೈತಿ. ಮಸದಿಲ್ಲ, ಹಂಗ ಹೊಡದಾನ.
ಈ ಸಾಲಿಗೆ ಬರೂದ್ರಾಗ ಹೊತ್ತು ಏರೈತಿ, ಹೊಟ್ಟಿ ಹಸದೈತಿ.
ಇಲ್ಲೊಂದು ತಪ್ಪ್ಯಾನ. ಚೂರು ಕೆತ್ತಿ ಮುಚ್ಯಾನ.
ಧಣಿಗೆ ಗೊತ್ತಾಗಿಲ್ಲ."

ಪದಕ್ಕೂ ಪದಕ್ಕೂ ನಡುವೆ ನೆಟ್ಟಗೊಂದು ಗೀಟು.
ಅದು ಓದಲಿಕ್ಕಲ್ಲ, ಮಾತಿಂದ ಮಾತು ಬಿಡಿಸಲಿಕ್ಕೆ,
ಎಂದು ಸರ್ ಕಲಿಸಿದ್ದನ್ನು ಒಪ್ಪಿಸಿದೆ.
"ಉಸಿರು ತಗೊಂಡಾನ" ಅಂದಳು.

ಆಮೇಲೆ ಕೇಳಿದಳು:
"ಮಾಡಿಸಿದಾಂವನ ಹೆಸರು ಐತಿ. ದೇವ್ರ ಹೆಸರು ಐತಿ.
ಇವಗ ಎಷ್ಟು ಕೊಟ್ಟರಂತ?"

ಪರಕಾರ್ ಸರ್ ಅಷ್ಟರಲ್ಲಿ ಬಂದರು. ರತ್ನಾಗಿರಿಯ ಅವರಜ್ಜ
ಏಡನ್ನಿನ ಹಡಗಿನ ಹೊಟ್ಟೆಯಲ್ಲಿ ಕಲ್ಲಿದ್ದಲು ಎತ್ತಿದವರು.
ಎಡಗೈ ಮಾತು ಹಿಂದಿಯಲ್ಲಿ ಹೇಳಿದೆ.
ಬಗ್ಗಿದರು. ಕನ್ನಡಕ ತೆಗೆದು ಮತ್ತೆ ಬಗ್ಗಿದರು.
"ಪುರಾವೆ ಇಲ್ಲ" ಅಂದರು,
ತಮ್ಮ ಎಡಗೈಯನ್ನೇ ನೋಡಿಕೊಳ್ಳುತ್ತ.

ಹೊರಗೆ ಮೆಟ್ಟಿಲ ಮೇಲೆ ಅವ್ವ ಕುಕ್ಕರಗಾಲಲ್ಲಿ ಕೂತಳು.
ಸೊಂಟ ನೋವೇನೋ ಅಂದುಕೊಂಡೆ.
ಕಪ್ಪು ಕಲ್ಲಿನ ಮೇಲೆ ಅಂಗೈ ಆಡಿಸಿ
ಸೆಕ್ಯುರಿಟಿಯವನಿಗೆ ತನ್ನ ಮರಾಠಿಯಲ್ಲಿ ಹೇಳಿದಳು:
ನುಣ್ಣಗಾಗಿದೆ ಇದು. ಮಳೆಯಲ್ಲಿ ಯಾರಾದರೂ ಜಾರುತ್ತಾರೆ.
ಮೆಟ್ಟಿಲಿಗೆ ಇಪ್ಪತ್ತು ರೂಪಾಯಿ ಆಗುತ್ತದೆ.
ನಾಳೆ ಉಳಿ ತರಲೇ?